ನೋಡಿಲ್ಲ ಅಂದವಳು

"ನಾನೇನೂ ನೋಡಿಲ್ಲ ಮೇಡಂ" ಎಂದು ಹೇಳಿ ಗಾರೆಯಕ್ಕ ವಿಚಾರಣೆಯ ಕೋಣೆಯಿಂದ ಹೊರಗೆ ಬಂದಾಗ, ಬಾಗಿಲ ಪಕ್ಕದ ಬೆಂಚಿನ ಮೇಲೆ ದೂರು ಕೊಟ್ಟ ಆ ಹುಡುಗಿ ಕೂತಿದ್ದಳು. ಮಡಿಲಲ್ಲಿ ಒಂದು ಫೈಲು. ಗಾರೆಯಕ್ಕನನ್ನು ಕಂಡದ್ದೇ ಎದ್ದು ನಿಂತಳು.

"ಥ್ಯಾಂಕ್ಸ್ ಅಕ್ಕ," ಎಂದಳು. "ನೀವು ಬರ್ತೀರೋ ಇಲ್ವೋ ಅಂತ ಬೆಳಗ್ಗೆಯಿಂದ ಎದೆ ಡವಡವ ಅಂತಿತ್ತು. ಬಂದ್ರಲ್ಲ, ಅಷ್ಟು ಸಾಕು."

ಗಾರೆಯಕ್ಕನ ಬಾಯಿಂದ "ಹೂಂ" ಎಂಬುದೊಂದು ಬಿಟ್ಟು ಬೇರೇನೂ ಹೊರಡಲಿಲ್ಲ. ಸರಸರನೆ ಮೆಟ್ಟಿಲಿಳಿದಳು. ಮೂರು ಮಹಡಿ. ಆ ಕಟ್ಟಡದಲ್ಲಿ ಲಿಫ್ಟು ಇದೆಯೆಂಬುದು ನೆನಪಾದದ್ದು ಕೆಳಗೆ ಬಂದು ಏದುಸಿರು ಬಿಡುವಾಗ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಹಲ್ಲಿನ ಆಸ್ಪತ್ರೆಯ ನೆಲಮಹಡಿಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಡಾಕ್ಟರು ರೋಗಿಯ ದವಡೆಗೆ ಮೆತ್ತನೆಯ ಮಿಶ್ರಣ ಒತ್ತಿ ತೆಗೆದು ಕಳಿಸಿದ ಅಳತೆಗೆ ಪ್ಲಾಸ್ಟರು ಕಲಸಿ ಹೊಯ್ಯುವುದು, ಗಟ್ಟಿಯಾದ ಮೇಲೆ ಬಿಡಿಸಿ ಅಂಚು ಕೆರೆಯುವುದು, ನಂಬರು ಬರೆದು ಮುಂದಿನ ಮೇಜಿಗೆ ದಾಟಿಸುವುದು. ಅಲ್ಲಿ ಆ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತಾರೆ. ಅದರಾಚೆ ಗೋಡೆಯ ಬದಿಯಲ್ಲಿ ಪಾಲಿಷ್ ಯಂತ್ರ, ಅದರ ಮುಂದೆ ಸದಾ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂರುವ ಪಾಲಿಷ್ ಅಣ್ಣ. "ಊರಿನ ಅರ್ಧ ಮುದುಕ್ರು ಅಗಿಯೋದು ನನ್ನ ಗಾರೆಯ ದಯದಿಂದ" ಎಂದು ಅವಳು ಹೊಸಬರ ಮುಂದೆ ಜಂಬ ಕೊಚ್ಚುತ್ತಿದ್ದಳು. ಹಾಗೆ ಬಂದ ಹೆಸರು ಅದು.

ಆ ಹುಡುಗಿ ಒಂದು ವರ್ಷದ ತರಬೇತಿಗೆ ಬಂದು ಏಳು ತಿಂಗಳಾಗಿತ್ತು. ಅವಳ ಕೈಯಲ್ಲಿ ಒಂದು ತರಬೇತಿ ಪುಸ್ತಕ. ಪ್ರತಿ ತಿಂಗಳು ಅದರಲ್ಲಿ ಲ್ಯಾಬಿನ ಚೀಫ್ ಸಹಿ ಹಾಕಬೇಕು, ಹನ್ನೆರಡು ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಬಂದ ಮೊದಲ ದಿನವೇ ಗಾಬರಿಯಲ್ಲಿ ಒಂದು ಅಚ್ಚನ್ನು ಕೈಜಾರಿ ಬೀಳಿಸಿದಳು. ಚೀಫ್ ಅವತ್ತೇ ಅವಳಿಗೆ "ಒಡಕು" ಎಂದು ಹೆಸರಿಟ್ಟ.

"ಒಡಕು ಬಂತಾ? ಎಲ್ರೂ ನಿಮ್ಮ ನಿಮ್ಮ ಸಾಮಾನು ಹಿಡ್ಕೊಳ್ರಪ್ಪ!" ಎಂದು ಅವನು ಬೆಳಗ್ಗೆ ಬೆಳಗ್ಗೆ ಕೂಗಿದರೆ ಲ್ಯಾಬಿಗೆ ಲ್ಯಾಬೇ ನಗುತ್ತಿತ್ತು. ಮೊದಲ ವಾರ ಹುಡುಗಿಯೂ ನಕ್ಕಳು. ಎರಡನೇ ತಿಂಗಳಿಗೆ ಅವಳ ನಗು ನಿಂತಿತು, ಉಳಿದವರದು ನಿಲ್ಲಲಿಲ್ಲ. ನಾಲ್ಕನೇ ತಿಂಗಳ ಸಹಿಗೆ ಹೋದಾಗ ಚೀಫ್ ಪುಸ್ತಕವನ್ನು ತೆಗೆದು ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡ. "ಕೈ ನೆಟ್ಟಗಾಗಲಿ, ಆಮೇಲೆ ನೋಡೋಣ." ಅಲ್ಲಿಂದ ಅವಳು ಮಾಡಿದ್ದೆಲ್ಲ ತಪ್ಪು. ಹಲ್ಲಿನ ಸಾಲು ಕೂದಲೆಳೆಯಷ್ಟು ಓರೆ ಕಂಡರೂ ಮೇಣ ಕಿತ್ತು, ಹೊಸ ಅಚ್ಚು ತರಿಸಿ, ಮೊದಲಿಂದ ಮಾಡಿಸುತ್ತಿದ್ದ. ಊಟದ ಹೊತ್ತಿಗೆ ಸರಿಯಾಗಿ ಹೊಸ ಕೆಲಸ ಕೊಡುತ್ತಿದ್ದ. ಹುಡುಗಿ ನೀರು ಕುಡಿದು ಮೇಜಿಗೆ ಮರಳುವುದನ್ನು ಗಾರೆಯಕ್ಕ ಎಷ್ಟೋ ಸಲ ನೋಡಿದ್ದಳು.

ಆಮೇಲೆ ಆ ಸೋಮವಾರ. ಒಬ್ಬ ಹಿರಿಯರಿಗೆ ಮೇಲಿನ ದವಡೆಯ ಸೆಟ್ಟು. ಹುಡುಗಿ ಎರಡು ದಿನ ಕೂತು ಹದಿನಾಲ್ಕು ಹಲ್ಲನ್ನೂ ಮೇಣದಲ್ಲಿ ಕೂರಿಸಿ ತಂದಿದ್ದಳು. ಚೆನ್ನಾಗಿತ್ತು. ಹತ್ತೊಂಬತ್ತು ವರ್ಷ ನೋಡಿದ ಕಣ್ಣಿಗೆ ಅದು ಗೊತ್ತಾಗುತ್ತದೆ. ಚೀಫ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಇದೇನು ಹಲ್ಲೋ, ಮುರುಕಲು ಬೇಲಿಯೋ?" ಎಂದ. ಎಲ್ಲರೂ ನಕ್ಕರು. ಗಾರೆಯಕ್ಕನೂ ನಕ್ಕಳು. ಆ ನಗು ಇನ್ನೂ ಮುಗಿದಿರಲಿಲ್ಲ, ಅವನು ಸೆಟ್ಟನ್ನು ಮೇಣ ಕರಗಿಸುವ ಬಿಸಿನೀರಿನ ತೊಟ್ಟಿಗೆ ಎಸೆದುಬಿಟ್ಟ. ಗುಲಾಬಿ ಬಣ್ಣದ ಮೇಣ ಕರಗಿ ಮೇಲೆ ತೇಲಿತು, ಹಲ್ಲುಗಳು ತಳ ಸೇರಿದವು.

"ತೆಗಿ," ಎಂದ.

ಹುಡುಗಿ ಇಕ್ಕಳಕ್ಕೆ ಕೈ ಚಾಚಿದಳು.

"ಕೈಯಲ್ಲೇ ತೆಗಿ. ಆಗ್ಲೇ ಕೈಗೆ ಬುದ್ಧಿ ಬರೋದು."

ಅವಳು ಕೈ ಹಾಕಿದಳು. ಒಂದು, ಎರಡು, ಮೂರು ಹಲ್ಲು ತೆಗೆದಳು. ನಾಲ್ಕನೆಯದಕ್ಕೆ ಅವಳ ಬಾಯಿಂದ ಒಂದು ಸಣ್ಣ ಶಬ್ದ ಬಂತು. ಅಷ್ಟರಲ್ಲಿ ಫೋನು ಬಂದು ಚೀಫ್ ಹೊರಗೆ ಹೋದ. ಗಾರೆಯಕ್ಕ ಅವಳನ್ನು ರಟ್ಟೆ ಹಿಡಿದು ಎಳೆದು ತಣ್ಣೀರ ನಲ್ಲಿಯ ಕೆಳಗೆ ಕೈ ಹಿಡಿಸಿದಳು. ಮೂರು ಬೆರಳಿನ ತುದಿ ಬೊಬ್ಬೆ ಎದ್ದಿತ್ತು.

ಹುಡುಗಿ ಮೊದಲು ಹೋದದ್ದು ತನ್ನ ಕೋರ್ಸಿನ ಮೇಷ್ಟ್ರ ಹತ್ತಿರ. "ಇನ್ನೈದು ತಿಂಗಳು ತಾನೇ, ಹಲ್ಲು ಕಚ್ಚಿ ಮುಗಿಸಮ್ಮ" ಎಂದರಂತೆ. "ಹಲ್ಲಿನ ಲ್ಯಾಬಲ್ಲಿ ಇರೋರಿಗೆ ಬೇರೆ ಮಾತೇ ಸಿಗಲ್ವೇನೋ ಅಕ್ಕ" ಎಂದು ಅವಳು ನಗಲು ನೋಡಿದ್ದಳು, ಆಗಿರಲಿಲ್ಲ. ಆಮೇಲೆ ಕ್ಯಾಂಟೀನಿನ ಗೋಡೆಯಲ್ಲಿ ಬೇರೆ ಚೀಟಿಗಳ ಅಡಿ ಅರ್ಧ ಮುಚ್ಚಿಹೋಗಿದ್ದ ಕಾಗದವೊಂದು ಅವಳ ಕಣ್ಣಿಗೆ ಬಿತ್ತು. ಕೆಲಸದ ಜಾಗದಲ್ಲಿ ಕಿರುಕುಳವಾದರೆ ದೂರು ಸಮಿತಿಯನ್ನು ಕಾಣಿ ಎಂದಿತ್ತು. ಫೋನು ಮಾಡಿದಳು. ಆ ಕಡೆಯಿಂದ ಒಬ್ಬ ಹೆಂಗಸು ಬಯ್ಯದೆ, ಬುದ್ಧಿ ಹೇಳದೆ, ಯಾವ ದಿನ, ಎಷ್ಟು ಗಂಟೆ, ಯಾರ್ಯಾರಿದ್ದರು ಎಂದಷ್ಟೇ ಕೇಳಿದಳಂತೆ. ಆಮೇಲೆ ದೂರಿನ ಕಾಗದದಲ್ಲಿ, ಯಾರ್ಯಾರಿದ್ದರು ಎಂಬಲ್ಲಿ ಹುಡುಗಿ ಎರಡು ಹೆಸರು ಬರೆದಳು: ಗಾರೆಯಕ್ಕ, ಪಾಲಿಷ್ ಅಣ್ಣ.

"ನೀವೇನೂ ಸೇರಿಸಿ ಹೇಳ್ಬೇಡಿ ಅಕ್ಕ. ನೋಡಿದ್ದನ್ನ ಹೇಳಿ, ಸಾಕು" ಎಂದು ಕೇಳಿಕೊಂಡಿದ್ದಳು. ಗಾರೆಯಕ್ಕ ಆಗಲೂ "ಹೂಂ" ಎಂದೇ ಅಂದಿದ್ದಳು.

ಪಾಲಿಷ್ ಅಣ್ಣ ಯಂತ್ರದ ಸದ್ದಿನಲ್ಲಿ ತನಗೇನೂ ಕೇಳಿಸಲಿಲ್ಲ ಎಂದು ಹೇಳಿ ಬಂದ. ಗಾರೆಯಕ್ಕನ ಸರದಿಯ ಹಿಂದಿನ ದಿನ ಚೀಫ್ ಅವಳ ಮೇಜಿನ ಹತ್ತಿರ ಬಂದು ನಿಂತ. ದೂರಿನ ಸುದ್ದಿಯನ್ನೇ ಎತ್ತಲಿಲ್ಲ. "ಯಜಮಾನ್ರು ಹೇಗಿದ್ದಾರೆ ಅಕ್ಕ? ಬೆನ್ನುನೋವು ಕಮ್ಮಿಯಾಯ್ತಾ?" ಎಂದು ಕೇಳಿ ಹೋದ.

ಎರಡು ವರ್ಷದ ಹಿಂದೆ ಬಸ್ ಡ್ರೈವರಾಗಿದ್ದ ಗಾರೆಯಕ್ಕನ ಗಂಡ ಬೆನ್ನುಮೂಳೆ ಜಾರಿ ಮಲಗಿದಾಗ, ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದ್ದು ಇದೇ ಚೀಫ್. ಎರಡು ತಿಂಗಳು ದಿನಾ ಮೂರು ಗಂಟೆಗೇ ಅವಳನ್ನು ಮನೆಗೆ ಬಿಟ್ಟವನೂ ಅವನೇ. ಹತ್ತೊಂಬತ್ತು ವರ್ಷವಾದರೂ ಅವಳದು ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ಮುಂದುವರಿಸುವ ಪತ್ರಕ್ಕೆ ಸಹಿ ಹಾಕುವವನೂ ಅವನೇ. ಮೂವರು ಕೂತಿದ್ದ ಆ ಕೋಣೆಯಲ್ಲಿ "ನೀವು ಏನು ನೋಡಿದ್ರಿ?" ಎಂಬ ಪ್ರಶ್ನೆ ಬಂದಾಗ ಅವಳ ಕಣ್ಣಿಗೆ ಕಟ್ಟಿದ್ದು ತೊಟ್ಟಿಯಲ್ಲ, ಆಸ್ಪತ್ರೆಯ ಹಾಸಿಗೆ.

ಅವತ್ತು ಮನೆಗೆ ಬಂದವಳು ಚಪ್ಪಲಿ ಬಿಟ್ಟದ್ದೇ ಅಡುಗೆಮನೆಗೆ ನುಗ್ಗಿ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದಳು. ಒರೆಸಿದಳು. ಮತ್ತೆ ಏರಿಸಿದಳು. ಎರಡನ್ನು ಅದಲುಬದಲು ಮಾಡಿದಳು. ಸರಿ ಕಾಣದೆ ಪುನಃ ಎಲ್ಲವನ್ನೂ ಇಳಿಸಿದಳು. ಗಂಡ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಪೇಪರಿನ ಪದಬಂಧ ಬಿಡಿಸುತ್ತಿದ್ದ.

"ಏನೇ ಇದು ಡಬ್ಬಿಗಳ ಮೆರವಣಿಗೆ?"

"ಜಿರಳೆ."

"ನಿನ್ನೆ ಇರ್ಲಿಲ್ಲ?"

"ಇವತ್ತು ಬಂದಿದೆ."

ಅವನು ಪೆನ್ನು ಕೆಳಗಿಟ್ಟ. ಮೂವತ್ತು ವರ್ಷದ ಸಂಸಾರ, ಜಿರಳೆ ಯಾವುದು, ಯಾವುದಲ್ಲ ಎಂದು ತಿಳಿಯದಷ್ಟು ದಡ್ಡನಲ್ಲ. "ಕೂತ್ಕೊಂಡು ಹೇಳು" ಎಂದ. ಅವಳಿಗೆ ಕೂರಲಾಗಲಿಲ್ಲ. ನಿಂತೇ, ಡಬ್ಬಿ ಒರೆಸುತ್ತಲೇ ಎಲ್ಲವನ್ನೂ ಹೇಳಿದಳು. ಹುಡುಗಿ ಥ್ಯಾಂಕ್ಸ್ ಅಂದದ್ದನ್ನು ಹೇಳುವಾಗ ಮಾತ್ರ ಬೆನ್ನು ತಿರುಗಿಸಿದಳು.

ಗಂಡ ಪೇಪರು ಮಡಚಿ ಪಕ್ಕಕ್ಕಿಟ್ಟ. "ಆಗಿದ್ದು ಆಗೋಯ್ತು. ಬಿಟ್ಹಾಕು," ಎಂದ. "ಆ ಮನುಷ್ಯ ಅವತ್ತು ಓಡಾಡ್ದೇ ಇದ್ದಿದ್ರೆ ನಾನಿವತ್ತು ಎದ್ದು ಕೂರ್ತಿರ್ಲಿಲ್ಲ. ಅವನ ಋಣ ಇದೆ ನಮ್ಮ ಮೇಲೆ."

"ಇದೆ. ಇಲ್ಲ ಅಂದೋರ್ಯಾರು?"

"ಮತ್ತೆ?"

"ಋಣ ನಮ್ದು. ಬೊಬ್ಬೆ ಅವಳ ಬೆರಳಲ್ಲಿ ಯಾಕ್ರೀ ಏಳ್ಬೇಕು?"

"ಅದನ್ನ ನನ್ನ ಕೇಳಿದ್ರೆ? ನಾನೇನು ಬಿಸಿನೀರಿಗೆ ತಳ್ದೆನಾ ಅವಳನ್ನ?"

"ನಾನೂ ತಳ್ಳಿಲ್ಲ. ನಿಂತು ನಕ್ಕೆ."

ಮಾತಿಗೆ ಮಾತು ಬೆಳೆಯಿತು. ನಿನ್ನ ಕೆಲಸ ಹೋದರೆ ಮುಂದೇನು ಎಂದು ಅವನು ದನಿ ಎತ್ತಿದ. ಪಕ್ಕದ ಮನೆಯವರ ಟೀವಿಯ ಸದ್ದು ತಗ್ಗಿತು, ಇವರ ಜಗಳ ಕೇಳಲಿಕ್ಕೇ ಇರಬೇಕು. ಅವಳು ಡಬ್ಬಿಗಳನ್ನು ನೆಲದಲ್ಲೇ ಬಿಟ್ಟು ಹೊರಗೆ ಹೋಗಿ ಬೀದಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದಳು. ಯಾರೋ ಪರಿಚಯದವರು "ವಾಕಿಂಗ್ ಶುರು ಮಾಡಿದ್ರಾ?" ಎಂದು ಕೇಳಿದರು. "ಹೂಂ" ಎಂದಳು. ಈ ಹಾಳು ಹೂಂ ಒಂದನ್ನು ಬಿಟ್ಟು ತನಗೆ ಬೇರೆ ಮಾತೇ ಮರೆತುಹೋಗಿದೆಯೇನೋ ಎನ್ನಿಸಿ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಲ್ಯಾಬಿನಲ್ಲಿ ಹಬ್ಬದ ಕಳೆ. ಹುಡುಗಿಯ ಸ್ಟೂಲು ಖಾಲಿ. ಚೀಫ್ ಎಲ್ಲರಿಗೂ ಚಹಾ ತರಿಸಿದ. ಗಾರೆಯಕ್ಕನ ಲೋಟವನ್ನು ತಾನೇ ತಂದು ಅವಳ ಮುಂದಿಟ್ಟ.

"ನಿಮ್ಮ ಪತ್ರಕ್ಕೆ ಸಹಿ ಹಾಕಿ ಮೇಲೆ ಕಳಿಸ್ದೆ ಅಕ್ಕ. ನಿಶ್ಚಿಂತೆಯಿಂದಿರಿ." ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ, "ಶುಕ್ರವಾರ ವರದಿ ಕೊಡ್ತಾರಂತೆ. ಸಾಕ್ಷಿನೇ ಇಲ್ವಲ್ಲ! ಸುಳ್ಳು ದೂರು ಅಂತ ನಾನೂ ಒಂದು ಅರ್ಜಿ ಗುಜರಾಯಿಸ್ತೀನಿ. ಒಡಕಿಗೆ ಈ ಜನ್ಮದಲ್ಲಿ ಪರೀಕ್ಷೆ ಇಲ್ಲ ಬಿಡಿ."

ಗಾರೆಯಕ್ಕನ ಕೈ ಬಟ್ಟಲಲ್ಲಿ ಪ್ಲಾಸ್ಟರು ಕಲಸುತ್ತಿತ್ತು. ಎಷ್ಟು ನೀರು ಹಾಕಿದೆನೆಂಬುದು ತಪ್ಪಿಹೋಯಿತು. ಆದದ್ದಾಗಲಿ ಎಂದು ಹೊಯ್ದಳು. ಗಂಟೆ ಕಳೆದು ಬಿಡಿಸುವಾಗ ಅಚ್ಚು ಕೈಯಲ್ಲೇ ಎರಡು ಹೋಳಾಗಿ, ಅರ್ಧ ನೆಲಕ್ಕೆ ಬಿದ್ದು ಪುಡಿಯಾಯಿತು. ಸದ್ದಿಗೆ ಎಲ್ಲರೂ ತಿರುಗಿದರು. ಪಾಲಿಷ್ ಯಂತ್ರವೂ ನಿಂತಿತು.

ಅವಳು ಕಾದಳು. ಏನನ್ನು ಕಾಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

"ಅಯ್ಯೋ, ಇರ್ಲಿ ಬಿಡಿ ಅಕ್ಕ," ಎಂದ ಚೀಫ್. "ಕೆಲಸ ಅಂದ್ಮೇಲೆ ಇದೆಲ್ಲ ಇದ್ದದ್ದೇ. ಇನ್ನೊಂದು ಅಳತೆ ತರಿಸೋಣ."

ಯಾರೂ ನಗಲಿಲ್ಲ. ಹೊಸ ಹೆಸರೂ ಹುಟ್ಟಲಿಲ್ಲ. ಯಾರೋ ಪೊರಕೆ ತಂದುಕೊಟ್ಟರು. ಗಾರೆಯಕ್ಕ ಪುಡಿಯನ್ನು ಗುಡಿಸಿ ಡಬ್ಬಕ್ಕೆ ಹಾಕಿದಳು. ಕೈ ತೊಳೆದಳು. ಮೇಜಿನ ಮೇಲಿದ್ದ ತನ್ನ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಕಟ್ಟಿದ್ದ ಏಪ್ರನ್ನನ್ನೂ ಬಿಚ್ಚದೆ ಬಾಗಿಲ ಕಡೆ ನಡೆದಳು.

ಪಾಲಿಷ್ ಅಣ್ಣ ಮುಖದ ಬಟ್ಟೆ ಸರಿಸಿ ಮೆಲ್ಲಗೆ ಕೇಳಿದ, "ಎಲ್ಲಿಗೆ?"

"ಮೇಲಕ್ಕೆ. ಹೇಳಿದ್ದನ್ನ ತಿದ್ದಿ ಬರ್ತೀನಿ."

ಅವನು ಮತ್ತೆ ಬಟ್ಟೆ ಎಳೆದುಕೊಂಡ. ಯಂತ್ರ ಶುರುವಾಯಿತು.

ಮೂರನೇ ಮಹಡಿಯ ಕೋಣೆಗೆ ಬೀಗ. ಎದುರಿನ ಗುಮಾಸ್ತ ತಲೆ ಎತ್ತದೆ, "ವಿಚಾರಣೆ ಮುಗೀತಲ್ಲ, ಇನ್ನೇನು?" ಎಂದ. ಸಮಿತಿಯ ಅಧ್ಯಕ್ಷೆ ಆಸ್ಪತ್ರೆಯ ದಾಖಲೆ ವಿಭಾಗದ ಮುಖ್ಯಸ್ಥೆ, ರಸ್ತೆಯ ಆಚೆ ಕಟ್ಟಡದಲ್ಲಿ ಸಿಗುತ್ತಾರೆ ಎಂದು ಬಾಯಿ ಬಿಡಿಸುವಷ್ಟರಲ್ಲಿ ಹತ್ತು ನಿಮಿಷ. ಗಾರೆಯಕ್ಕ ರಸ್ತೆ ದಾಟಿದಳು. ಆ ಮೇಡಂ ಊಟಕ್ಕೆ ಹೋಗಿದ್ದರು. ಕೂತು ಕಾಯಿರಿ ಎಂದರು. ಕೂತರೆ ಎದ್ದು ಓಡಿಹೋಗುತ್ತೇನೆಂಬ ಭಯಕ್ಕೆ ಅವಳು ಕಪಾಟುಗಳ ನಡುವೆ ಹೋಗಿ ಬರುತ್ತಾ ಕಾದಳು. ವಾಪಸು ಹೋಗಿಬಿಡಲೇ ಎಂದು ಮೂರು ಸಲ ಬಾಗಿಲವರೆಗೂ ಬಂದಳು. ಮೂರನೇ ಸಲ ಮೇಡಂ ಎದುರಾದರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು.

"ನೀವು ನಿನ್ನೆ ಬಂದಿದ್ರಲ್ಲ?"

"ನಿನ್ನೆ ನಾನು ಸುಳ್ಳು ಹೇಳ್ದೆ ಮೇಡಂ."

ಮೇಡಂ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಗಾರೆಯಕ್ಕ ಒಂದೇ ಉಸಿರಿನಲ್ಲಿ ತೊಟ್ಟಿಯಿಂದ ಹಿಡಿದು ಬೊಬ್ಬೆಯವರೆಗೆ ಹೇಳಿದಳು. ಮೇಡಂ ಬರೆದುಕೊಳ್ಳಲಿಲ್ಲ, ಪೆನ್ನು ಕೈಯಲ್ಲೇ ಇತ್ತು.

"ನಿನ್ನೆ ನೋಡಿಲ್ಲ ಅಂದ್ರಿ, ಇವತ್ತು ನೋಡಿದೆ ಅಂತೀರಿ. ಯಾವ್ದನ್ನ ನಂಬ್ಲಿ? ನಾಳೆ ಆ ಕಡೆಯೋರು ಇದನ್ನೇ ಕೇಳ್ತಾರೆ."

ಕೇಳಿದ್ದು ನ್ಯಾಯವಾಗಿತ್ತು. ಗಾರೆಯಕ್ಕ ರಿಜಿಸ್ಟರು ಬಿಚ್ಚಿ ಮೇಜಿನ ಮೇಲಿಟ್ಟಳು. ಯಾವ ರೋಗಿಯ ಅಚ್ಚು, ಯಾವ ದಿನ, ಎಷ್ಟು ಗಂಟೆಗೆ ಹೊಯ್ದದ್ದು, ಯಾರ ಮೇಜಿಗೆ ಕೊಟ್ಟದ್ದು, ಎಲ್ಲ ಅವಳ ಗುಂಡನೆಯ ಅಕ್ಷರದಲ್ಲಿತ್ತು. "ಇಲ್ನೋಡಿ. ಇದೇ ರೋಗಿಗೆ ನಾಲ್ಕು ಸಲ ಅಚ್ಚು ಹೊಯ್ದಿದೀನಿ, ನಾಲ್ಕೂ ಈ ಹುಡುಗಿ ಮೇಜಿಗೇ ಹೋಗಿದೆ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರಿಗೆ ನಾಲ್ಕು ಸಲ ಹೊಯ್ದಿದ್ದು ಇನ್ಯಾವಾಗ್ಲಾದ್ರೂ ಇದ್ರೆ ತೋರ್ಸಿ. ಸೋಮವಾರ ಹನ್ನೊಂದೂಕಾಲಿಗೆ ನಾನು ಅಲ್ಲೇ ಇದ್ದೆ, ಇಲ್ಲಿ ನನ್ನ ಬರಹ ಇದೆ. ಕೈಯಲ್ಲಿ ತೆಗಿ ಅಂದ. ಅದಕ್ಕೆ ಮುಂಚೆ ಮುರುಕಲು ಬೇಲಿ ಅಂದ. ಎಲ್ರೂ ನಕ್ರು."

"ನೀವು?"

"ನಕ್ಕೆ."

"ಬರ್ಕೊಳ್ಲಾ?"

ಕಿಟಕಿಯ ಹೊರಗೆ ಯಾರೋ ಗಾಡಿಯನ್ನು ಹಿಂದೆ ತೆಗೆಯುತ್ತಿದ್ದರು. ಅದರ ಪೀಂ ಪೀಂ ನಿಲ್ಲುವವರೆಗೆ ಗಾರೆಯಕ್ಕ ಏಪ್ರನ್ನಿಗೆ ಅಂಟಿದ್ದ ಪ್ಲಾಸ್ಟರನ್ನು ಉಗುರಿನಿಂದ ಕೆರೆದಳು. ಚೀಫ್ ಹೇಳಿದ್ದು, ಚೀಫ್ ಮಾಡಿದ್ದು ಹೇಳಲು ಇಷ್ಟು ಕಷ್ಟವಾಗಿರಲಿಲ್ಲ.

"ಬರ್ಕೊಳ್ಳಿ ಮೇಡಂ. ಗಾರೆಯಕ್ಕ ನಕ್ಕಳು ಅಂತ ಬರ್ಕೊಳ್ಳಿ. ಆಮೇಲೆ ಹೆದ್ರಿ ಸುಳ್ಳು ಹೇಳಿದ್ಳು ಅಂತಾನೂ."

ಮೇಡಂ ಆಗ ಪೆನ್ನಿನ ಮುಚ್ಚಳ ತೆಗೆದರು. ಬರೆದು ಮುಗಿಸಿ, ಓದಿ ಹೇಳಿ, ಸಹಿ ಮಾಡಿಸಿಕೊಂಡರು. "ನಿಮ್ಮ ಗುತ್ತಿಗೆ ವಿಷಯದಲ್ಲಿ ನಾನು ಭರವಸೆ ಕೊಡೋಕಾಗಲ್ಲ," ಎಂದರು. "ಆದ್ರೆ ಸಾಕ್ಷಿ ಹೇಳಿದ್ದಕ್ಕೆ ಯಾರಾದ್ರೂ ತೊಂದ್ರೆ ಕೊಟ್ರೆ ಅದೂ ದೂರೇ. ಅವತ್ತೇ ನನ್ನ ಹತ್ರ ಬನ್ನಿ. ಕಾಯ್ಬೇಡಿ."

ಇನ್ನೊಂದು ಕೆಲಸ ಉಳಿದಿತ್ತು. ಹುಡುಗಿಯ ಹಾಸ್ಟೆಲ್ಲು ಎರಡು ಬೀದಿ ಆಚೆ. ಬಾಗಿಲು ತೆರೆದವಳ ಕಣ್ಣು ಊದಿತ್ತು. ಹಿಂದೆ ಮಂಚದ ಮೇಲೆ ಅರ್ಧ ತುಂಬಿದ ಸೂಟ್‌ಕೇಸು. ಒಳಗೆ ಬನ್ನಿ ಎನ್ನಲಿಲ್ಲ.

"ನಿನ್ನೆ ನಾನು..." ಎಂದು ಗಾರೆಯಕ್ಕ ಶುರು ಮಾಡಿದಳು.

"ಗೊತ್ತು. ನೀವೇನು ಹೇಳಿದ್ರಿ ಅಂತ ಆಮೇಲೆ ಓದಿ ಹೇಳಿದ್ರು."

"ಈಗ ಹೋಗಿ ಸರಿ ಮಾಡಿ ಬಂದೆ. ಎಲ್ಲ ಹೇಳ್ದೆ. ನಕ್ಕಿದ್ದೂ ಹೇಳ್ದೆ."

ಹುಡುಗಿ ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದಳು. "ನಾನು ನಿಮಗೆ ಥ್ಯಾಂಕ್ಸ್ ಹೇಳ್ದೆನಲ್ಲ ಅಕ್ಕ. ಆಗ್ಲೇ ಹೇಳ್ಬೇಕಿತ್ತು ನೀವು, ಹಿಂಗಿಂಗೆ ಅಂತ. ನಾನು ಪೆದ್ದಿ ಥರ ಅಮ್ಮಂಗೆ ಫೋನ್ ಮಾಡಿ, ಒಬ್ರಾದ್ರೂ ನನ್ನ ಪರ ನಿಂತ್ರು ಅಂತ ಹೇಳ್ಬಿಟ್ಟೆ."

ಗಾರೆಯಕ್ಕ ಹೊಸ್ತಿಲಾಚೆಯೇ ನಿಂತು, "ತಪ್ಪಾಯ್ತು ಕಣಮ್ಮ" ಎಂದಳು. "ಊರಿಗೆ ಹೋಗ್ಬೇಡ. ಶುಕ್ರವಾರದವರೆಗಾದ್ರೂ ಇರು."

ಹುಡುಗಿ ಇರುತ್ತೇನೆಂದೂ ಹೇಳಲಿಲ್ಲ, ಹೋಗುತ್ತೇನೆಂದೂ ಹೇಳಲಿಲ್ಲ. ಬಾಗಿಲು ಮುಚ್ಚಿಕೊಂಡಳು.

ಗುರುವಾರ ಬೆಳಗ್ಗೆ ಪಾಲಿಷ್ ಯಂತ್ರ ಒಂದು ಗಂಟೆ ನಿಂತಿತ್ತು. ಪಾಲಿಷ್ ಅಣ್ಣ ಎಲ್ಲಿಗೋ ಹೋಗಿ ಬಂದ. ಗಾರೆಯಕ್ಕನ ಮೇಜು ದಾಟುವಾಗ, "ಯಂತ್ರ ಆಗ ಆಫ್ ಇತ್ತು ಅಂತ ಹೇಳ್ಬಿಟ್ಟೆ" ಎಂದು ಗೊಣಗಿದ. ಅಷ್ಟರಲ್ಲಿ ಸುದ್ದಿ ಚೀಫ್‌ನ ಕಿವಿಗೂ ಬಿದ್ದಿತ್ತು. ಅವನು ಬಯ್ಯಲಿಲ್ಲ, ಕೂಗಲಿಲ್ಲ. ಅವಳ ಮೇಜಿನೆದುರು ನಿಂತು, "ನಿಮ್ಮ ಯಜಮಾನ್ರಿಗೆ ಹಾಸಿಗೆ ಕೊಡಿಸಿದ ಕೈ ಇದು" ಎಂದ. ಅವಳ ಎದೆಗೆ ಆ ಮಾತು ನಾಟಿತು. ಸುಳ್ಳಲ್ಲವಲ್ಲ.

"ಅದನ್ನ ಸಾಯೋವರೆಗೂ ಮರೆಯಲ್ಲ ಸಾರ್," ಎಂದಳು. "ಇದೂ ಮರೆಯೋಕಾಗ್ಲಿಲ್ಲ."

ವರದಿ ಬಂತು. ಶುಕ್ರವಾರವಲ್ಲ, ಮೂರು ವಾರ ತಡವಾಗಿ. ಚೀಫ್‌ನನ್ನು ಉಗ್ರಾಣಕ್ಕೆ ಹಾಕಿದರು, ತರಬೇತಿಯವರ ಮೇಲ್ವಿಚಾರಣೆ ಕಿತ್ತುಕೊಂಡರು. ಕೆಲಸದಿಂದ ತೆಗೆಯಲಿಲ್ಲ. ಹುಡುಗಿಯ ಪುಸ್ತಕವನ್ನು ಡ್ರಾಯರಿನಿಂದ ತೆಗೆಸಿ, ಬಾಕಿಯಿದ್ದ ಸಹಿಗಳನ್ನು ಕೆಲಸ ಪರೀಕ್ಷಿಸಿ ನೋಡಿದ ಬೇರೆ ಡಾಕ್ಟರು ಹಾಕಿದರು. ಉಳಿದ ತಿಂಗಳುಗಳಿಗೆ ಅವಳನ್ನು ಮೇಲಿನ ಮಹಡಿಯ ಸಣ್ಣ ಲ್ಯಾಬಿಗೆ ಕಳಿಸಿದರು. ಗಾರೆಯಕ್ಕನ ಗುತ್ತಿಗೆ ಈ ಸಲ ಒಂದು ವರ್ಷದ ಬದಲು ಆರು ತಿಂಗಳಿಗೆ ಮುಂದುವರಿಯಿತು. ಯಾಕೆಂದು ಕೇಳಿದರೆ ಎಲ್ಲ ಗುತ್ತಿಗೆಯವರಿಗೂ ಹಾಗೇ ಎಂದರು. ಇರಬಹುದು, ಇಲ್ಲದಿರಬಹುದು. ಗಂಡ ಎರಡು ದಿನ ಮಾತು ಬಿಟ್ಟಿದ್ದ. ಮೂರನೇ ದಿನ ಪದಬಂಧದಲ್ಲಿ ನಾಲ್ಕಕ್ಷರದ ಒಂದು ಶಬ್ದ ಸಿಗದೆ ತಾನಾಗಿಯೇ ಮಾತಾಡಿಸಿದ. ಲ್ಯಾಬಿನಲ್ಲಿ ಒಂದಿಬ್ಬರು ಇವತ್ತಿಗೂ ಅವಳ ಜೊತೆ ಚಹಾಕ್ಕೆ ಬರುವುದಿಲ್ಲ. ಚೀಫ್ ಕಾರಿಡಾರಿನಲ್ಲಿ ಎದುರಾದರೆ ಅವಳು ಈಗಲೂ ಮೆಟ್ಟಿಲ ಕಡೆ ತಿರುಗಿಬಿಡುತ್ತಾಳೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹುಡುಗಿ ಕೆಳಗೆ ಬಂದಳು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಅಳತೆ.

"ಮೇಲೆ ಪ್ಲಾಸ್ಟರು ಮುಗಿದಿದೆ. ಇದು ಇವತ್ತೇ ಬೇಕಂತೆ ಅಕ್ಕ."

ಗಾರೆಯಕ್ಕ ಬಟ್ಟಲು ತೆಗೆದುಕೊಂಡಳು. ನೀರು ಅಳೆದು ಹಾಕಿದಳು, ಪುಡಿ ಉದುರಿಸಿದಳು, ಗುಳ್ಳೆ ಏಳದಂತೆ ತಿರುವಿದಳು. ಹೊಯ್ದಳು.

"ಎಷ್ಟು ಹೊತ್ತಾಗುತ್ತೆ?"

"ಮುಕ್ಕಾಲು ಗಂಟೆ. ನೀನು ಹೋಗಿರು, ಆದ್ಮೇಲೆ ಕಳಿಸ್ತೀನಿ."

"ಬೇಡ, ಕಾಯ್ತೀನಿ," ಎಂದು ಹುಡುಗಿ ಒಂದು ಸ್ಟೂಲು ಎಳೆದುಕೊಂಡಳು.

ಅವಳ ಕಣ್ಣು ಅಚ್ಚಿನ ಮೇಲೇ ಇತ್ತು. ಗಾರೆಯಕ್ಕ ಬಟ್ಟಲು ತೊಳೆದಳು, ಮೇಜು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಡುನಡುವೆ ಬೆರಳ ತುದಿಯಿಂದ ಅಚ್ಚನ್ನು ಮುಟ್ಟಿ ನೋಡುತ್ತಿದ್ದಳು. ಗಟ್ಟಿಯಾಗುವಾಗ ಪ್ಲಾಸ್ಟರು ತಾನಾಗಿ ಬೆಚ್ಚಗಾಗುತ್ತದೆ, ಆಮೇಲೆ ಆರುತ್ತದೆ. ಆರುವವರೆಗೆ ಬಿಡಿಸುವಂತಿಲ್ಲ. ಇನ್ನೂ ಬೆಚ್ಚಗಿತ್ತು.